ಬಗ್ಗುವವರು ಯಾರು

ಡೊಂಬಿವಿಲಿ ಪೂರ್ವ, ಮಾನಪಾಡಾ ರಸ್ತೆಯ ಅಂಗಡಿ.
ಎರಡು ಸಾಲು ಯಂತ್ರ.
ಒಂದು ಸಾಲಿಗೆ ಹೊಟ್ಟೆಯಲ್ಲಿ ಬಾಯಿ,
ಇನ್ನೊಂದಕ್ಕೆ ನೆತ್ತಿಯಲ್ಲಿ.
ಮುಂಬಾಯಿ, ಮೇಲ್ಬಾಯಿ ಎಂದು
ನಾನೇ ಹೆಸರಿಟ್ಟುಕೊಂಡೆ,
ಗೊಂದಲವಾಗಬಾರದಲ್ಲ.

ತುಷಾರನೆಂಬ ಹುಡುಗ ಮರಾಠಿಯಲ್ಲಿ ಶುರುಮಾಡಿ
ಹಿಂದಿಗೆ ಜಾರಿ
ಮುಂಬಾಯಿಯ ಗುಣ ಹಾಡಿದ:
ನೀರು ಕಡಿಮೆ, ಕರೆಂಟು ಕಡಿಮೆ,
ಕಾಲರಿನ ಕೊಳೆ ಹೇಳಹೆಸರಿಲ್ಲದಂತೆ ಹೋಗುತ್ತದೆ.
ಮೇಲ್ಬಾಯಿ ಅಗ್ಗ, ಆದರೆ ಕುಡಿತ ಜಾಸ್ತಿ
ಎಂದು ದನಿ ತಗ್ಗಿಸಿದ,
ವರನ ಸುದ್ದಿ ವಿಚಾರಿಸಲು ಹೋದವರಿಗೆ
ಪಕ್ಕದ ಮನೆಯವರು ಹೇಳುವ ಹಾಗೆ.

ಇವರು ಗಾಜಿಗೆ ಮುಖ ಹಚ್ಚಿ ಇಣುಕಿದರು,
ಕುರ್ಲಾ ಕಾರ್‌ಶೆಡ್ಡಿನಲ್ಲಿ ಬೋಗಿಯ ಕೆಳಗೆ ಇಣುಕುವಂತೆ.
"ಒಗಿಯೂದು ಕಾಣಸ್ತದ ನೋಡು," ಅಂದರು.
ಇಪ್ಪತ್ತಾರು ವರ್ಷ ಮೋರಿಯಲ್ಲಿ ಕುಕ್ಕರಗಾಲಲ್ಲಿ ಕೂತು
ಇವರ ಗ್ರೀಸಿನ ತೋಳುಗಳನ್ನು ನಾನು ತಿಕ್ಕಿದ್ದೂ
ಕಾಣುತ್ತಿತ್ತು.
ಮೋರಿಗೆ ಗಾಜಿರಲಿ, ಪರದೆಯೂ ಇಲ್ಲ.
ಹೇಳಲಿಲ್ಲ. ತುಷಾರನೆದುರು ಯಾಕೆ.

ಕೇಳಿದ್ದು ಇಷ್ಟೇ:
"ಬಗ್ಗಾವ್ರು ಯಾರು?"

ಇವರ ಸೊಂಟದಲ್ಲಿ ಒಂದು ಮಣಿ ಸರಿದಿದೆ,
ಪಟ್ಟಿ ಬಿಗಿದುಕೊಂಡೇ ಲೋಕಲ್ ಹತ್ತುತ್ತಾರೆ.
ನನ್ನ ಮೊಣಕಾಲಿಗೆ
ಮಳೆ ಬರುವುದು ಎರಡು ದಿನ ಮೊದಲೇ ಗೊತ್ತು.
ಕೆಳಗೊಂದು ಪೀಠ ಇಡಬಹುದು, ಎಂದ ಹುಡುಗ,
ಎರಡೂವರೆ ಸಾವಿರ, ಅದು ಬೇರೆ.
ನಮ್ಮ ಮನೆಯ ದೇವರಿಗೂ
ಅಷ್ಟು ಬೆಲೆಯ ಪೀಠವಿಲ್ಲ.

ಪೆಡ್ನೇಕರ್ ವಹಿನಿಯ ಮುಂಬಾಯಿಗೆ
ಆಷಾಢದಲ್ಲಿ ರಬ್ಬರಿನ ಮಡಿಕೆಗಳಲ್ಲಿ ಬೂಸಲು;
ಬಾಯಿವಾಸನೆ, ಅಂತಾಳೆ,
ದಿನಾ ಬಾಯಿ ಒರೆಸಬೇಕು, ಕೂಸಿನದರಂತೆ.

"ನಡುವ ಬಾಗ್ಲಾ ತಗೀಬಹುದೇನು?"
ಇಲ್ಲ ಕಾಕೂ. ಮುಚ್ಚಿದರೆ ಮುಗೀತು.
ಒಂದು ಗಂಟೆ ಐವತ್ತು ನಿಮಿಷ
ತಾನೇ ಬೀಗ ಹಾಕಿಕೊಳ್ಳುತ್ತದೆ.

ನಮ್ಮ ನಳ ಬರುವುದೇ ನಲವತ್ತು ನಿಮಿಷ.
ಮತ್ತೆ ನನ್ನ ಕೈಗೆ
ಕಿಸೆಯಲ್ಲಿ ಕಾಗದ ತಾಗಿ ಅಭ್ಯಾಸ.
ಇವರ ತಿಂಗಳ ಪಾಸು, ಭಿಶಿಯ ಚೀಟಿ,
ಒಮ್ಮೆ ರೇವತಿಯ ಐಟಿಐ ಹಾಲ್ ಟಿಕೆಟ್ಟು,
ನೆನೆದು, ಇನ್ನೂ ಹರಿಯದೆ,
ಗುಂಡಿಯ ಸದ್ದಿಗಿಂತ ಮೆತ್ತಗೆ.
ಅವಳ ಮೊಹರು ಹಾಕಿದ ಮುಖವನ್ನು
ತವೆಯ ಬಿಸಿಯಲ್ಲಿ ಒಣಗಿಸಿದ್ದೆ.
ಬೀಗ ಹಾಕಿದ ಗಾಜಿನಾಚೆ ಅದು ತಿರುಗುವುದನ್ನು
ಒಂದು ಗಂಟೆ ಐವತ್ತು ನಿಮಿಷ
ನಿಂತು ನೋಡುವುದೇ?

"ಮ್ಯಾಲಿಂದs ಕೊಡಪಾ," ಅಂದೆ.
ಬಿಲ್ಲಿಗೆ ಹೆಸರು ಕೇಳಿದ: ವಾಮನ ತಿಪ್ಪಣ್ಣ ಹಂಜಗಿ.
ಬರೆದವನು ತಲೆಯೆತ್ತಿ
ಆರಡಿ ಎರಡಿಂಚಿನ ಇವರನ್ನು ನೋಡಿ ನಕ್ಕ.
ಹುಟ್ಟಿದಾಗ ಸಣ್ಣವರಿದ್ದರಂತೆ.

ಮೊದಲ ರವಿವಾರ.
ಅರಿವೆಗಳೆಲ್ಲ ಜಡೆ ಹೆಣೆದುಕೊಂಡು ತಳದಲ್ಲಿ ಕೂತಿದ್ದವು.
ತುದಿಗಾಲಲ್ಲಿ ನಿಂತೆ, ಕಂಕುಳವರೆಗೆ ಕೈ ಇಳಿಸಿದೆ;
ಸೀರೆ ಬಂತು, ಟವೆಲು ಬಂತು,
ಕೊನೆಗೆ ಬೆರಳಿಗೆ ಗಾಳಿ.
"ಏನ್ರೀ," ಎಂದು ಕೂಗಿದೆ.

ಪೇಪರು ಮಡಚಿ ಬಂದರು.
ತುಸು ಬಾಗಿದರು, ನೋವಾಗದಷ್ಟು.
ಒಂದು ಕಾಲುಚೀಲ. ಅದರ ಜೋಡಿ.
ಆಮೇಲೆ ನನ್ನ ಲಂಗ;
ಲಾಡಿಯ ತುದಿ ಯಾವುದು, ಎಲ್ಲಿಂದ ಎಳೆಯಬೇಕು
ತಿಳಿಯದೆ ಎರಡೂ ಕೈಯಲ್ಲಿ ಹಿಡಿದು ನಿಂತರು,
ಸತ್ಕಾರದ ಶಾಲು ಹಿಡಿದವರ ಹಾಗೆ.
"ಕೊಡವ್ರಿ," ಅಂದೆ. ಕೊಡವಿದರು.
ತಂತಿಯೂ ಎತ್ತರದಲ್ಲೇ ಇದೆ,
ಅವರೇ ಹಾಕಿದರು.

ಅಂಗಡಿಯಲ್ಲಿ ಇವರು ಗೇಣು ಹಾಕಿ ಅಗಲ ಅಳೆಯುವಾಗ
ನಾನೂ ಒಂದು ಅಳತೆ ತೆಗೆದುಕೊಂಡಿದ್ದೆ:
ಖಾಲಿ ಡ್ರಮ್ಮಿನೊಳಗೆ ಕೈ ಬಿಟ್ಟು.
ತಳ ಸಿಗಲಿಲ್ಲ.

ಮಂಚದ ಕೆಳಗೆ ಒಂದು ಮಣೆ ಇದೆ.
ಇರಲಿ.