ಖಾಲಿ ತಟ್ಟೆ

ಆರೂಕಾಲಿಗೆ ಬಾಗಿಲು ತಟ್ಟುತ್ತಾನೆ ಲ್ಯಾಬಿನ ತುಷಾರ.
ಹೆಲ್ಮೆಟ್ಟು ಚಪ್ಪಲಿಯ ಪಕ್ಕ, ಐಸಿನ ಡಬ್ಬ ಮಡಿಲಲ್ಲಿ.
"ಬಲಗೈ ಬೇಡ ಕಾಕಾ, ಎಡಗೈ ಕೊಡಿ. ಮುಷ್ಟಿ ಬಿಗಿ."
ಎಡಗೈಗೆ ಏನೂ ಆಗಿಲ್ಲ.
ಕೇಳಿಯೂ ಸುಮ್ಮನಿದೆ.
ನಾನೇ ಬೆರಳು ಮಡಚಿ ಹಿಡಿಯುತ್ತೇನೆ.
ಘಾಟ್ಕೋಪರ್ ದಾಟುವ ಲೋಕಲ್ಲಿಗೆ
ಮೂರನೇ ಮಹಡಿಯ ಕಿಟಕಿ ಗಡಗಡ ಅನ್ನುತ್ತದೆ;
ಹಳದಿ ಮುಚ್ಚಳದ ಕೊಳವೆಯಲ್ಲಿ ರಕ್ತ
ಆತುರವಿಲ್ಲದೆ ಏರುತ್ತದೆ.

ಆ ಬಲಗೈ
ಮಸ್ಜಿದ್ ಬಂದರಿನಲ್ಲಿ ಮೂವತ್ತೊಂದು ವರ್ಷ
ತಕ್ಕಡಿ ರಿಪೇರಿ ಮಾಡಿದ ಕೈ.
ಮೆಣಸಿನ ಸೇಟುಗಳದ್ದು, ಕೊಬ್ಬರಿಯವನದ್ದು,
ಒಮ್ಮೆ ಹೆರಿಗೆ ಆಸ್ಪತ್ರೆಯ, ಕೂಸು ತೂಗುವ ಪುಟ್ಟದ್ದು.
ಬೆಳಗಾವಿಯಿಂದ ಮದುವೆಯಾಗಿ ಬಂದ ಹೊಸತರಲ್ಲಿ
ನನ್ನನ್ನು ಅಂಗಡಿಯಲ್ಲಿ ಕೂರಿಸಿ ಹೇಳಿದ್ದರು:
"ಎಷ್ಟು ಹೊರುತ್ತದೆ ಅಂತ ಎಲ್ಲರೂ ನೋಡುತ್ತಾರೆ.
ನೀನು, ಇಳಿಸಿದ ಮೇಲೆ ನೋಡು,
ಮುಳ್ಳು ಸೊನ್ನೆಗೆ ಬಂತೋ ಇಲ್ಲವೋ."

ಆಸ್ಪತ್ರೆಯಿಂದ ಬಂದು ಐವತ್ತೆರಡು ದಿನ.
ನಾಲಿಗೆ ತಿರುಗಿತು. ಕೋಲು ಹಿಡಿದು
ಗ್ಯಾಲರಿಯ ಕೊನೆಯ ನಲ್ಲಿಯ ತನಕ ನಡೆದರು.
ಗಂಡಾಂತರ ಕಳೆಯಿತು ಅಂದರು ಚಾಳಿನವರು.
ಹೊರೆ ಇಳಿದಿತ್ತು.
ನಾನು ಮುಳ್ಳು ನೋಡಲಿಲ್ಲ.

ಹೊತ್ತು ಮುಳುಗುವ ಮೊದಲು ಉಣ್ಣುವ ಮನೆ ನಮ್ಮದು.
ಐದೂವರೆಗೆ ತಟ್ಟೆ ಇಡುತ್ತೇನೆ. ಎದುರು ಕೂರುತ್ತಾರೆ.
ರೊಟ್ಟಿ ತಣಿದು ಸೆಟೆಯುತ್ತದೆ,
ಬಿಸಿಲು ಈ ಗೋಡೆಯಿಂದ ಆ ಗೋಡೆಗೆ ದಾಟುತ್ತದೆ,
ಸೂರ್ಯ ಎದುರು ಬಿಲ್ಡಿಂಗಿನ ನೀರಿನ ಟ್ಯಾಂಕಿನ ಹಿಂದೆ ಇಳಿದರೆ
ಆಮೇಲೆ ನೇಮ. ಆಮೇಲೆ ಉಣ್ಣುವಂತಿಲ್ಲ.
ನಾದಿನಿ ಫೋನಿನಲ್ಲಿ ಅಂದಳು,
"ನೇಮಣ್ಣ ಏನೋ ವ್ರತ ಹಿಡಿದಿರಬೇಕು, ಪುಣ್ಯವಂತ."
ನಾನು ಅಂದೆ, ಹಠ.
ಅಡುಗೆ ಸೇರದಿದ್ದರೆ ಬಾಯಿಬಿಟ್ಟು ಹೇಳಬಾರದೇ ಅಂದೆ.
ಒಂದು ಸಂಜೆ ಅದಕ್ಕಿಂತ ಕೆಟ್ಟದ್ದೂ ಅಂದೆ.
ಅದನ್ನು ಇಲ್ಲಿ ಬರೆಯುವುದಿಲ್ಲ.

ಡಾಕ್ಟರ್‌ಬಾಯಿ ಕಾಗದವನ್ನು ನನ್ನ ಕಡೆ ತಿರುಗಿಸಿದರು.
ಸಿಆರ್‌ಪಿ ಹನ್ನೊಂದು ಪಾಯಿಂಟ್ ನಾಲ್ಕು.
ಪಕ್ಕದಲ್ಲೊಂದು ಚುಕ್ಕಿ, ನಕ್ಷತ್ರದ ಆಕಾರ.
ವಿಟಮಿನ್ ಡಿ ಒಂಬತ್ತು. ಅದಕ್ಕೂ ನಕ್ಷತ್ರ.
"ಮಿದುಳಿನ ಗಾಯಕ್ಕೆ ರಕ್ತದಲ್ಲೂ ಕಿಚ್ಚು ಹತ್ತುತ್ತದೆ.
ಅದು ಆರದೆ ಉಳಿದವರಲ್ಲಿ
ಮನಸ್ಸು ಕುಸಿಯುವುದು ಹೆಚ್ಚು ಅನ್ನುತ್ತಾರೆ.
ಒಂದು ಕಾಗದ ನಂಬಿ ನಾನು ಖಚಿತ ಹೇಳಲಾರೆ.
ಊಟ ಹೇಗೆ? ನಗುತ್ತಾರಾ?"

ನಗು.
ಸೂಜಿ ಚುಚ್ಚದೆಯೂ ಕೇಳಬಹುದಿತ್ತು ಇದನ್ನು,
ನಾನೇ, ಎದುರು ಕೂತು.
ಆದರೂ ಆ ನಕ್ಷತ್ರದ ಮೇಲೆ ಬೆರಳಿಟ್ಟು
ಬಸ್‌ಸ್ಟಾಪಿನಲ್ಲಿ ಎರಡು ಬಸ್ಸು ಬಿಟ್ಟೆ.
ಹಠಕ್ಕೆ ನಕ್ಷತ್ರ ಬೀಳುವುದಿಲ್ಲವಲ್ಲ.
ವ್ರತಕ್ಕೂ.

ಹೊಸ ಗುಳಿಗೆ, ಅಕ್ಕಿಕಾಳಿಗಿಂತ ಚೂರು ದೊಡ್ಡದು.
ಬೆಳಗ್ಗೆ ಒಂದು. ನಾಲ್ಕು ವಾರವಾದರೂ ಬೇಕಂತೆ.
ಮಧ್ಯಾಹ್ನ ಕುರ್ಚಿಯನ್ನು ಗ್ಯಾಲರಿಯ ಬಿಸಿಲಿಗೆ ಎಳೆಯುತ್ತೇನೆ,
ಬಿಸಿಲು ಸರಿದಂತೆ ಕುರ್ಚಿಯನ್ನೂ ಸರಿಸುತ್ತೇನೆ,
ಕೆಟ್ಟದ್ದಾಡಿದ ಸಂಜೆಗೆ ಕ್ಷಮೆ ಕೇಳಿದ್ದೇನೆ.
ಕೇಳಿಸಿತೋ ಇಲ್ಲವೋ.

ಇವತ್ತು ಹದಿನೇಳನೆಯ ದಿನ.
ಐದೂವರೆ. ತಟ್ಟೆ ಇಟ್ಟೆ. ಗದರಲಿಲ್ಲ.
ಕೆಳಗೆ ತರಕಾರಿ ಗಾಡಿಯವನ ತಕ್ಕಡಿ
ಠಣ್ಣನೆ ಹಲಗೆಗೆ ಬಡಿಯಿತು.
ಇವರು ತಲೆ ಎತ್ತಲಿಲ್ಲ.
ಮಾತು ಅರ್ಧ ತೊದಲಿ ಬಂತು:
"ದಂಡ ಬಾಗಿದೆ. ಅವನದ್ದು."

ಅಷ್ಟೇ.
ರೊಟ್ಟಿ ಮುಟ್ಟಲಿಲ್ಲ.
ನಾನು ಟ್ಯಾಂಕಿನ ಕಡೆ ನೋಡಿದೆ.
ಇನ್ನೂ ಒಂದು ಗೇಣು ಬಿಸಿಲಿತ್ತು.