ನೆನೀಲಿ ಬುಡು

ಹನ್ನೊಂದು ವರ್ಷ ಶೆಡ್ಡಿನಲ್ಲೇ ನಿಂತ ಬೆಂಜ್ ಕಾರು.
ಪೆಟ್ರೋಲು ಆರಿಹೋಗುತ್ತ
ಬಣ್ಣ ಮಾತ್ರ ಬಿಟ್ಟುಹೋಗಿದೆ:
ಆಲೆಮನೆ ಕೊಪ್ಪರಿಗೆಯಲ್ಲಿ ತಳ ಹಿಡಿದ ಪಾಕದ ಹಾಗೆ
ಕಂದು, ಗಟ್ಟಿ, ನಾತ.

ಗುತ್ತಲು ರಸ್ತೆಯ ಗ್ಯಾರೇಜಿನಲ್ಲಿ
ಚೌರಪ್ಪ ಮೇಸ್ತ್ರಿ ಡಿಸ್ಟ್ರಿಬ್ಯೂಟರ್ ಬಿಚ್ಚಿ
ಕಿರುಬೆರಳಷ್ಟು ಪ್ಲಂಜರನ್ನು
ಉಪ್ಪಿನಕಾಯಿ ಬಾಟಲಿಯ ಅಸಿಟೋನಿಗೆ ಇಳಿಬಿಟ್ಟ.
"ತಿಕ್ಬ್ಯಾಡ ಕಣ್ಲ. ನೆನೀಲಿ ಬುಡು."

ತಿಕ್ಕಿದ್ದೆ ನಾನು, ಹೋದ ವರ್ಷ, ಇನ್ನೊಂದನ್ನು,
ಎಮರಿ ಕಾಗದದಲ್ಲಿ, ಫಳಫಳ ಅನ್ನುವ ತನಕ.
ಹೊಳೆಯಿತು. ಆಮೇಲೆ ತನ್ನ ತೂತಿಗೇ ಹೊಂದಲಿಲ್ಲ.
ಬೈಯಲಿಲ್ಲ ಆತ. ಇವತ್ತಿಗೂ
ಬಿಲ್ಲು ಪುಸ್ತಕದ ಹಾಳೆಗಳ ನಡುವೆ
ಗುರುತಿಗೆ ಅದನ್ನೇ ಇಡುತ್ತಾನೆ.

ಮೂರನೆಯ ದಿನ. ಹಳೇ ಪಂಚೆಯ ತುಂಡಿನಲ್ಲಿ
ಒಂದು ಎಳೆಯೂ ಉಳಿಯದಂತೆ ಒರೆಸಿ,
ಹೊಸ ಪೆಟ್ರೋಲಿನಲ್ಲಿ ಅದ್ದಿ,
ತೂತಿನ ಬಾಯಿಗಿಟ್ಟು ಕೈಬಿಟ್ಟ.
ನೂಕಲಿಲ್ಲ.
ತನ್ನ ಭಾರಕ್ಕೆ ತಾನೇ ಇಳಿಯಬೇಕಂತೆ ಅದು.

ಹೊರಗೆ ಕಬ್ಬಿನ ಟ್ರಾಕ್ಟರುಗಳು, ಫ್ಯಾಕ್ಟರಿ ಕಡೆಗೆ,
ನೆಲವೆಲ್ಲ ಅದುರಿಸುತ್ತ.
ಇಳಿಯುತ್ತಿದ್ದದ್ದು ಅರ್ಧದಲ್ಲಿ ನಿಂತಿತು.
ನನ್ನ ಬೆರಳು ತಾನಾಗಿ ಮುಂದೆ ಹೋಯಿತು.

ಮೇಸ್ತ್ರಿ ಬಿಲ್ಲು ಪುಸ್ತಕದ ಕಡೆ ನೋಡಿದ, ಅಷ್ಟೇ.

ಕೈಯನ್ನು ಜೇಬಿಗೆ ತುರುಕಿಕೊಂಡೆ.