ಕೈಶಿಲ್ಕು

ಮಾಹುಲಿನ ಮೂರನೇ ಗೇಟಿನಲ್ಲಿ ಹೆಲ್ಮೆಟ್ಟು ಕೊಟ್ಟರು,
ಬೆಂಕಿಪೊಟ್ಟಣ ಉಂಟೇ ಎಂದರು.
ಇಲ್ಲ. ಪೆನ್ನು ಎರಡಿವೆ. ಒಂದು ಕೆಂಪು.

ನೆರೂರ್ಕರ್ ಕೊಳವೆಗಳ ಕೆಳಗೆ ಬಗ್ಗುತ್ತ ನಡೆದು
ಮೊಮ್ಮಗುವನ್ನು ತೋರಿಸುವ ಹಾಗೆ ತೋರಿಸಿದರು ಗೋಪುರವನ್ನು:
ಚಿಮಣಿಗೆ ಹೊರಟ ಹೊಗೆ ಇಲ್ಲಿ ತಿರುಗಿ, ದ್ರವದಲ್ಲಿ ಮಿಂದು,
ಇಂಗಾಲವನ್ನು ಬಾಗಿಲಲ್ಲಿ ಚಪ್ಪಲಿಯ ಹಾಗೆ ಬಿಟ್ಟು
ಮೇಲೆ ಹೋಗುತ್ತದಂತೆ.
ನೂರಕ್ಕೆ ತೊಂಬತ್ತು, ಮ್ಯಾಡಮ್.

ತೊಂಬತ್ತು, ಬರೆದುಕೊಂಡೆ.
ಆ ದ್ರವ ಕಾಯಿಸಲು ಬೇರೆ ಬಾಯ್ಲರು.
ಬಾಯ್ಲರಿಗೆ ಬೇರೆ ಚಿಮಣಿ.
ಅದು ಯಾರ ಪುಟದಲ್ಲಿ?
ಅದು ಬೇರೆ ವಿಭಾಗ, ಎಂದರು. ಗೋಡೆಯ ಆ ಕಡೆ.

ಅಪ್ಪ ಚೆಂಬೂರಿನಲ್ಲಿ ಪಿಗ್ಮಿ ಎತ್ತುತ್ತಿದ್ದರು.
ಫೋರ್ಟಿನ ರಾತ್ರಿಶಾಲೆಯಲ್ಲಿ ಕಲಿತ ಅಂಕಿ,
ಮೂವತ್ತು ವರ್ಷ ಬಗಲಲ್ಲಿ ಅದೇ ರೆಕ್ಸಿನ್ ಚೀಲ.
ಇಸ್ತ್ರಿಯ ಲಚ್ಛೂ ಒಂದು ರೂಪಾಯಿ, ಬೀಡಾದವ ಎರಡು,
ಮೀನಿನ ಪಾರೂಬಾಯಿ ದಿನ ಬಿಟ್ಟು ದಿನ ಐದು,
ಹುರುಪೆ ಅಂಟಿದ ನೋಟು.
ಊಟಕ್ಕೆ ಮೊದಲು ಜಮೆ, ಖರ್ಚು, ಕೈಶಿಲ್ಕು.
ಒಂದು ರೂಪಾಯಿ ಹೆಚ್ಚು ಬಂದ ರಾತ್ರಿ ನಿದ್ದೆಯಿಲ್ಲ.
"ಕಮ್ಮಿ ಬಂದರೆ ನನ್ನ ತಪ್ಪು, ಕೈಯಿಂದ ಹಾಕಿಯೇನು.
ಹೆಚ್ಚು ಬಂದದ್ದು ಯಾರದೋ ಮಗಾ,
ಯಾರದೆಂದು ಗೊತ್ತಾಗಬೇಕು."

ನಾನು ಎತ್ತುವುದು ಟನ್ನುಗಳ ಪಿಗ್ಮಿ.
ಹಿಡಿದ ಗಾಳಿಯನ್ನು ಒತ್ತಿ, ಕಡಲಡಿಯ ಕೊಳವೆಯಲ್ಲಿ
ಎಣ್ಣೆ ಬತ್ತಿದ ಬಾವಿಗೆ ಇಳಿಸುತ್ತಾರೆ.
ಠೇವಣಿ: ವರ್ಷಕ್ಕೆ ನಾಲ್ಕು ಲಕ್ಷ ಟನ್ನು.
ಅವಧಿ: ಶಾಶ್ವತ.
ಶಾಶ್ವತಕ್ಕೊಂದು ಅಡಿಟಿಪ್ಪಣಿ:
ಮೊದಲ ಇಪ್ಪತ್ತು ವರ್ಷ ಕಂಪನಿಯ ಹೊಣೆ.

ನಲವತ್ತೇಳನೇ ಪುಟ. ಗಾಳಿಯ ಒತ್ತಡಕ್ಕೆ
ಕಲ್ಲಿನ ಸಂದಿಯಲ್ಲಿ ಅಂಟಿ ಕೂತ ಎಣ್ಣೆ ಸಡಿಲಾಗಿ ಮೇಲೆ ಬರುತ್ತದೆ.
ಬಂದದ್ದನ್ನು ಮಾರುತ್ತಾರೆ.
ಮಾರಿದ್ದು ಉರಿಯುತ್ತದೆ, ಸಾಯನ್ ಸರ್ಕಲ್ಲಿನಲ್ಲಿ,
ಸಿಗ್ನಲ್ಲಿಗೆ ಕಾಯುವ ಯಾವನದೋ ಬೈಕಿನ ಹೊಟ್ಟೆಯಲ್ಲಿ.
ಅದು ಲೆಕ್ಕದ ಗಡಿಯಾಚೆ.
ಗಡಿಯನ್ನು ಚುಕ್ಕೆಗೆರೆಯಲ್ಲಿ, ನೀಟಾಗಿ ಎಳೆದಿದ್ದಾರೆ.

ಊಟದ ಹೊತ್ತಿಗೆ ಗೇಟಿನೆದುರಿನ ಚಾಳುಮಾಳಿಗೆಯ ಸುಗಂಧಾ
ನೀರು ಕೊಟ್ಟಳು, ಬಾಗಿಲ ಹಿಂದೆ ಸೀಮೆಸುಣ್ಣದ ಗೀಟು ತೋರಿಸಿದಳು:
ಮಗ ಕೆಮ್ಮಿದ ರಾತ್ರಿಗಳು, ಐದೈದರ ಕಟ್ಟು.
"ಹೊಗೆ ಹಿಡಿದರಂತಲ್ಲ, ತಾಯಿ? ವಾಸನೆ ಯಾಕಿದೆ ಮತ್ತೆ?"
ಹಿಡಿದದ್ದು ವಾಸನೆಯಿಲ್ಲದ್ದು, ಎಂದೆ.
ವಾಸನೆಯದು ಬೇರೆ ಅನಿಲ,
ನನ್ನ ಕಾಲಮ್ಮಿನಲ್ಲಿಲ್ಲ.
ಹೇಳುತ್ತಿರುವಾಗಲೇ ಕೇಳಿಸಿತು,
ನೆರೂರ್ಕರ್ ಗೋಡೆ ನನ್ನ ಬಾಯಲ್ಲಿ ಎದ್ದದ್ದು.

ಸಂಜೆ ಕೂಡಿಸಿದೆ. ರಿಫೈನರಿ ತನ್ನ ಹೊಗೆಯಿಂದ ಆ ಟನ್ನು ಕಳೆದಿದೆ.
ಅದನ್ನೇ ಕೊಂಡ ಪುಣೆಯ ಟೈರು ಕಂಪನಿ ತನ್ನದರಿಂದಲೂ ಕಳೆದಿದೆ.
ಮತ್ತೆ ಕೂಡಿಸಿದೆ, ಈ ಸಲ ಬೆರಳೆಣಿಸಿ, ಅಪ್ಪನ ಹಾಗೆ.
ಹಿಡಿದದ್ದಕ್ಕಿಂತ ಹೆಚ್ಚು ಹಿಡಿದಾಗಿದೆ.

ಅಪ್ಪ ಹೋದ ಮೇಲೆ ಚೀಲದ ಒಳಜೇಬಲ್ಲಿ
ಒಂದು ಲಕೋಟೆ ಸಿಕ್ಕಿತ್ತು. ಹನ್ನೊಂದು ರೂಪಾಯಿ.
ಮೇಲೆ ಅವರ ದುಂಡಕ್ಷರ: ಯಾರದೋ.
ಹನ್ನೊಂದು ರೂಪಾಯಿ,
ಎಷ್ಟು ರಾತ್ರಿಗಳದೋ.

ಷರಾ ಎಂಬಲ್ಲಿ ಇನ್ನೂರು ಅಕ್ಷರಕ್ಕೆ ಜಾಗವಿತ್ತು.
ಹೆಚ್ಚು ಬಂದಿದೆ, ಎಂದು ಕನ್ನಡದಲ್ಲೇ ಒತ್ತಿದೆ.
ಆ ಸಾಫ್ಟ್‌ವೇರಿಗೆ ನಮ್ಮ ಲಿಪಿ ಬಾರದು,
ಸಾಲಾಗಿ ಖಾಲಿ ಚೌಕಗಳು ಮೂಡಿದವು,
ಮುಚ್ಚಳವಿಲ್ಲದ ಪುಟ್ಟ ಪುಟ್ಟ ಬಾವಿಗಳು.
ಅಳಿಸಲಿಲ್ಲ.
ಹಾಗೆಯೇ ಕಳಿಸಿದೆ.